ಕಾಣದ ಕೇಡಿಗೆ ಯಾವ ಹೆಸರು?

ಕಥೆ ಬರೆಯುವ ಗೆಳೆಯರು ಆಗಾಗ ಕೇಳುವ ಪ್ರಶ್ನೆ ಇದು. ಕಾದಂಬರಿಯ ಎಲ್ಲ ಅನಾಹುತಗಳ ಹಿಂದೆ ಒಂದು ದೊಡ್ಡ ಕೇಡು ಕೂತಿದೆ. ಅದು ಕೊನೆಯವರೆಗೂ ಓದುಗರ ಕಣ್ಣಿಗೆ ಬೀಳುವುದಿಲ್ಲ. ಅದಕ್ಕೆ ಹೆಸರು ಇಡಬೇಕಾ? ಇಟ್ಟರೆ ಎಂಥದ್ದು? ಒಬ್ಬರು ‘ಕಾಲಾಂತಕ’ ಎಂದು ಬರೆದು, ಮಾರನೇ ದಿನ ಓದಿ, ನಗು ಬಂದು ಹೊಡೆದುಹಾಕಿರುತ್ತಾರೆ. ಇನ್ನೊಬ್ಬರು ‘ಅದು’ ಎಂದಷ್ಟೇ ಬರೆದು ಬಿಟ್ಟಿರುತ್ತಾರೆ. ಅರ್ಧ ಕಾದಂಬರಿ ಆಗುವಷ್ಟರಲ್ಲಿ ಯಾವ ‘ಅದು’ ಎಂದು ಅವರಿಗೇ ಗೊಂದಲ. ಮತ್ತೊಬ್ಬರು ಪುರಾಣದಿಂದ ಒಂದು ಹೆಸರು ಎತ್ತಿಕೊಂಡು, ಯಾರಾದರೂ ಜಗಳಕ್ಕೆ ಬಂದರೆ ಏನು ಗತಿ ಎಂದು ಕೂತಿರುತ್ತಾರೆ.

ಇರುವ ದಾರಿಗಳು ಹೆಚ್ಚುಕಡಿಮೆ ಐದು. ಹೆಸರೇ ಇಡದಿರುವುದು. ಹೆಸರಿದ್ದರೂ ಬಾಯಿಬಿಟ್ಟು ಹೇಳದೆ ಸುತ್ತುಮಾತಿನಲ್ಲಿ ಕರೆಯುವುದು. ಬಿರುದು ಕೊಡುವುದು. ಹೊಸ ಹೆಸರು ಕಟ್ಟುವುದು. ಪುರಾಣದಿಂದಲೋ ಜನಪದದಿಂದಲೋ ಸಿದ್ಧ ಹೆಸರು ತರುವುದು. ಒಂದೊಂದಕ್ಕೂ ಒಂದೊಂದು ಬೆಲೆ ಇದೆ. ಅದನ್ನು ನೋಡುವ ಮೊದಲು ಇನ್ನೊಂದು ಕೆಲಸ ಮುಗಿಸಬೇಕು.

ಹೆಸರಿಗಿಂತ ಮುಂಚೆ

ಹೆಸರು ಸಿಗುತ್ತಿಲ್ಲ ಎನ್ನುವವರಲ್ಲಿ ಅರ್ಧ ಜನರಿಗೆ ಸಿಗದೆ ಇರುವುದು ಹೆಸರಲ್ಲ. ಆ ಕೇಡು ಏನು ಎಂಬುದೇ ಅವರಿಗೆ ತೀರ್ಮಾನವಾಗಿರುವುದಿಲ್ಲ. ‘ಅದಕ್ಕೆ ಎಲ್ಲ ಸಾಧ್ಯ, ಅದು ಎಲ್ಲ ಕಡೆ ಇದೆ’ ಎಂದರೆ ಓದುಗ ಹೆದರುವುದಿಲ್ಲ. ಎಲ್ಲವೂ ಸಾಧ್ಯವಿರುವ ಕೇಡು ನಾಯಕನನ್ನು ಮೊದಲ ಪುಟದಲ್ಲೇ ಯಾಕೆ ಮುಗಿಸಲಿಲ್ಲ ಎಂದು ಅವನು ಕೇಳುತ್ತಾನೆ. ಅದಕ್ಕೆ ಏನು ಬೇಕು, ಅದರಿಂದ ಏನು ಆಗುವುದಿಲ್ಲ, ಅದು ಮನುಷ್ಯರನ್ನು ಹೇಗೆ ಮುಟ್ಟುತ್ತದೆ, ಇದುವರೆಗೆ ಅದನ್ನು ಕಂಡವರು ಯಾರು. ಇಷ್ಟಕ್ಕೆ ಉತ್ತರ ಬರೆದಿಟ್ಟುಕೊಳ್ಳಿ. ಕಥೆಯಲ್ಲಿ ಹೇಳಬೇಕಿಲ್ಲ, ನಿಮಗೆ ಗೊತ್ತಿದ್ದರೆ ಸಾಕು.

ಇದಕ್ಕೆ ನನಗೆ ಗೊತ್ತಿರುವ ಒಳ್ಳೆಯ ಮಾದರಿ ನಳನ ಕಥೆಯ ಕಲಿ. ಮಹಾಭಾರತದ ವನಪರ್ವದಲ್ಲಿ ಬರುವ ಈ ಕಥೆಯನ್ನು ಕನಕದಾಸರು ‘ನಳಚರಿತ್ರೆ’ಯಾಗಿ ಕನ್ನಡಕ್ಕೆ ತಂದರು. ದಮಯಂತಿಯ ಸ್ವಯಂವರಕ್ಕೆ ಹೊರಟ ಕಲಿ ತಡವಾಗಿ ಬರುತ್ತಾನೆ. ಅವಳು ದೇವತೆಗಳನ್ನು ಬಿಟ್ಟು ನಳನನ್ನು ವರಿಸಿದ್ದು ತಿಳಿದು ಉರಿದುಬೀಳುತ್ತಾನೆ. ಅವನಿಗೆ ಏನು ಬೇಕು ಎಂಬುದು ಅಲ್ಲಿಗೆ ಸ್ಪಷ್ಟ. ಆದರೆ ಸೀದಾ ಹೋಗಿ ನಳನನ್ನು ಹಿಡಿಯಲು ಅವನಿಂದ ಆಗುವುದಿಲ್ಲ. ನಳ ಒಂದು ತಪ್ಪು ಮಾಡಬೇಕು. ಕಲಿ ಕಾಯುತ್ತಾನೆ. ಹನ್ನೆರಡನೇ ವರ್ಷ ನಳ ಒಮ್ಮೆ ಕಾಲು ತೊಳೆಯದೆ ಸಂಧ್ಯಾವಂದನೆಗೆ ಕೂರುತ್ತಾನೆ. ಅಷ್ಟು ಸಾಕು, ಕಲಿ ಒಳಗೆ. ಆಮೇಲೆ ಜೂಜು, ರಾಜ್ಯ ಹೋಗುವುದು, ಕಾಡಿನಲ್ಲಿ ಹೆಂಡತಿಯನ್ನು ಬಿಟ್ಟು ನಡೆಯುವುದು. ಊರಿನವರಿಗೆ ಕಾಣುವುದು ನಳ ಮಾತ್ರ. ಕಾಲು ತೊಳೆಯದ ಆ ಸಣ್ಣ ತಪ್ಪೇ ನನ್ನನ್ನು ಜಾಸ್ತಿ ಕಾಡುವುದು. ಅಂಥದ್ದನ್ನು ನಾವೆಲ್ಲ ದಿನಾ ಮಾಡುತ್ತೇವೆ ಅಲ್ವಾ?

ಅದೇ ಕಲಿ ಕೊನೆಗೆ ಹೊರಬಂದಾಗ ನೋಡಿ. ನಳನನ್ನು ಕಚ್ಚಿದ ಕಾರ್ಕೋಟಕ ಸರ್ಪದ ವಿಷದಿಂದ ಒಳಗೇ ಬೆಂದಿದ್ದಾನೆ. ನಳನ ಮುಂದೆ ಕೈಮುಗಿದು ಬೇಡುತ್ತಾನೆ, ತಾರೆ ಮರದೊಳಗೆ ಹೋಗಿ ಸೇರುತ್ತಾನೆ. ಕಾಣಿಸಿಕೊಂಡ ಮರುಕ್ಷಣ ಅವನು ಚಿಕ್ಕವನಾಗುತ್ತಾನೆ. ಕೊನೆಯಲ್ಲಿ ತೋರಿಸಬೇಕೋ ಬೇಡವೋ ಎಂದು ಒದ್ದಾಡುವವರು ಇದನ್ನು ನೆನಪಿಡಬೇಕು. ತೋರಿಸಿದರೆ ಭಯ ಇಳಿಯುತ್ತದೆ. ನಿಮಗೆ ಬೇಕಾಗಿರುವುದು ಬಿಡುಗಡೆಯ ಭಾವ ಆದರೆ ತೋರಿಸಿ. ಭಯವೇ ಉಳಿಯಬೇಕು ಎಂದಿದ್ದರೆ ಬೇಡ.

ಯಾವುದರಿಂದ ಅಳೆಯುವುದು

ನಾನು ಮೊದಲು ನೋಡುವುದು ಈ ಹೆಸರು ಯಾರ ಬಾಯಲ್ಲಿ ಹುಟ್ಟಿತು ಎಂಬುದನ್ನು. ಕೇಡಿಗೆ ಹೆಸರಿಡುವುದು ಲೇಖಕರ ಕೆಲಸ ಎಂದು ನಾವು ಅಂದುಕೊಳ್ಳುತ್ತೇವೆ. ಕಥೆಯ ಒಳಗೆ ನಿಂತು ನೋಡಿದರೆ, ಹೆಸರಿಡುವವರು ಅದಕ್ಕೆ ಹೆದರಿದವರು. ದನ ಕಳೆದುಕೊಂಡ ರೈತ ಇಡುವ ಹೆಸರು ಬೇರೆ, ಅದನ್ನು ಪೂಜಿಸುವವನು ಇಡುವ ಹೆಸರು ಬೇರೆ, ಅದರ ಸಂಬಳ ತಿನ್ನುವವನು ಇಡುವ ಹೆಸರು ಬೇರೆ. ಮೇಜಿನ ಮುಂದೆ ಕೂತ ಲೇಖಕರ ಬಾಯಲ್ಲಿ ಹುಟ್ಟಿದ ಹೆಸರು ಸಾಮಾನ್ಯವಾಗಿ ‘ಕಾಲಾಂತಕ’ ಆಗುತ್ತದೆ.

ಎರಡನೆಯದು ಉದ್ದ. ಹತ್ತು ಪುಟದ ಕಥೆಯಲ್ಲಿ ಕೇಡಿನ ಮಾತು ನಾಲ್ಕು ಸಲ ಬಂದೀತು, ಮೂರು ಸಂಪುಟದ ಕಾದಂಬರಿಯಲ್ಲಿ ನಾನೂರು ಸಲ. ನಾಲ್ಕು ಸಲ ಚೆನ್ನಾಗಿ ಕೇಳುವುದು ನಾನೂರು ಸಲ ಕೇಳಿದರೆ ತಲೆ ತಿನ್ನುತ್ತದೆ. ಮೂರನೆಯದು ಹಳೆಯ ಹೊರೆ. ಆ ಪದ ನಿಮ್ಮ ಕಥೆಗೆ ಬರುವ ಮೊದಲೇ ಏನೇನು ಹೊತ್ತಿದೆ? ಕೊನೆಯದು ವ್ಯಾಕರಣ. ಇದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಕನ್ನಡದಲ್ಲಿ ಮಾತ್ರ ಇದೇ ಅರ್ಧ ಆಟ.

ಹೆಸರೇ ಇಡದಿದ್ದರೆ

ಎಲ್ಲಕ್ಕಿಂತ ಅಗ್ಗದ ದಾರಿ, ಸಣ್ಣ ಕಥೆಗೆ ಎಲ್ಲಕ್ಕಿಂತ ಒಳ್ಳೆಯ ದಾರಿ ಕೂಡ. 1990ರ ದಶಕದಲ್ಲಿ ಬೆಂಗಳೂರಿನ ಮನೆಬಾಗಿಲುಗಳ ಮೇಲೆ ‘ನಾಳೆ ಬಾ’ ಎಂಬ ಬರಹ ಕಾಣಿಸಿಕೊಂಡದ್ದು ಬಹಳ ಜನರಿಗೆ ನೆನಪಿರಬೇಕು. ರಾತ್ರಿ ಯಾವುದೋ ದೆವ್ವ ಬಂದು ಮನೆಯವರದೇ ದನಿಯಲ್ಲಿ ಕರೆಯುತ್ತದೆ, ಬಾಗಿಲು ತೆರೆದರೆ ಮುಗಿಯಿತು. ಬರಹ ಓದಿದರೆ ವಾಪಸ್ ಹೋಗುತ್ತದೆ, ನಾಳೆ ಮತ್ತೆ ಬರುತ್ತದೆ. ಆ ದೆವ್ವಕ್ಕೆ ಹೆಸರಿಲ್ಲ. ಹೆಸರಾದದ್ದು ಮದ್ದು. ಈಗಲೂ ಜನ ‘ನಾಳೆ ಬಾ ಕಾಲದಲ್ಲಿ’ ಎನ್ನುತ್ತಾರೆ. ಅದಕ್ಕೆ ಒಂದು ನಿಯಮ ಇತ್ತು, ಒಂದು ಮಿತಿ ಇತ್ತು, ಮುಖ ಇರಲಿಲ್ಲ. ಇಷ್ಟರಿಂದಲೇ ಬೀದಿಬೀದಿಯ ಜನ ಸೀಮೆಸುಣ್ಣ ಹಿಡಿದರು. ಹೆಸರಿಲ್ಲದ ಕೇಡು ಬರೆಯುವವರು ಇದನ್ನೇ ಕದಿಯಬಹುದು. ಕೇಡಿಗೆ ಹೆಸರು ಬೇಡ, ಜನ ಅದರ ವಿರುದ್ಧ ಮಾಡುವ ಕೆಲಸಕ್ಕೆ ಹೆಸರು ಕೊಡಿ.

ಇಲ್ಲಿ ವ್ಯಾಕರಣ ಅಡ್ಡ ಬರುತ್ತದೆ. ಕನ್ನಡದಲ್ಲಿ ಕರ್ತೃವನ್ನು ಬಿಟ್ಟರೂ ಕ್ರಿಯಾಪದ ಗುಟ್ಟು ಬಿಟ್ಟುಕೊಡುತ್ತದೆ. ‘ಬಂದ’ ಎಂದರೆ ಗಂಡು, ‘ಬಂದಳು’ ಎಂದರೆ ಹೆಣ್ಣು, ‘ಬಂತು’ ಎಂದರೆ ಪ್ರಾಣಿಯೋ ವಸ್ತುವೋ ದೆವ್ವವೋ. ಮುಚ್ಚಿಡಬೇಕೆಂದರೆ ‘ಬಾಗಿಲು ತಟ್ಟಿದ ಸದ್ದಾಯಿತು’ ಎಂದು ವಾಕ್ಯವನ್ನೇ ತಿರುಗಿಸಬೇಕು. ಹತ್ತು ಪುಟ ಹೀಗೆ ತಿರುಗಿಸಬಹುದು. ಇನ್ನೂರು ಪುಟ ತಿರುಗಿಸಿದರೆ ಬರಹ ಸರ್ಕಾರಿ ಪತ್ರದ ಥರ ಆಗುತ್ತದೆ.

ಆದರೆ ಅದೇ ವ್ಯಾಕರಣ ಒಂದು ಆಯುಧವನ್ನೂ ಕೊಟ್ಟಿದೆ. ‘ಬಂದರು.’ ಕರ್ತೃ ಇಲ್ಲದ ಬಹುವಚನ. ‘ನಿನ್ನೆ ರಾತ್ರಿ ಬಂದಿದ್ದರು. ನಿನ್ನ ವಿಚಾರ ಕೇಳಿದರು.’ ಒಬ್ಬರೋ ಹಲವರೋ ಗೊತ್ತಿಲ್ಲ, ಗಂಡೋ ಹೆಣ್ಣೋ ಗೊತ್ತಿಲ್ಲ. ಹೇಳುವವನು ಮರ್ಯಾದೆ ಕೊಡುತ್ತಿದ್ದಾನೆ, ಅಂದರೆ ಹೆದರಿದ್ದಾನೆ. ಧಣಿ, ಒಡೆಯರು, ಸಾಹೇಬರು, ಮೇಲಿನವರು ಎಂದು ತಲೆತಲಾಂತರದಿಂದ ಹೇಳಿ ಬಂದ ಬಾಯಿ ನಮ್ಮದು. ಆ ಬಹುವಚನದಲ್ಲಿ ಇರುವ ಭಯ ಯಾವ ಕೋರೆಹಲ್ಲಿನ ಹೆಸರಲ್ಲೂ ಇಲ್ಲ. ಕಾಣದ ಕೇಡನ್ನು ‘ಅದು’ ಎಂದು ಬರೆದಿರುವವರು ಒಂದೇ ಒಂದು ಅಧ್ಯಾಯವನ್ನು ‘ಅವರು’ ಎಂದು ಬದಲಿಸಿ ಓದಿ ನೋಡಿ. ಬಹಳಷ್ಟು ಸಲ ಹಳೆಯದಕ್ಕೆ ವಾಪಸ್ ಹೋಗಲು ಮನಸ್ಸು ಬರುವುದಿಲ್ಲ.

ಸುತ್ತುಮಾತು

ಹಾವು ಕಚ್ಚಿದರೆ ‘ಹುಳ ಮುಟ್ಟಿದೆ’ ಎನ್ನುವ ಊರುಗಳು ನಮ್ಮವು. ಮೈಮೇಲೆ ಗುಳ್ಳೆ ಎದ್ದರೆ ‘ಅಮ್ಮ ಆಗಿದೆ’ ಎನ್ನುತ್ತೇವೆ. ಹೆಸರು ಹೇಳಿದರೆ ಬಂದೀತು ಎಂಬ ಅಂಜಿಕೆ ಓದುಗರಿಗೆ ಮೊದಲೇ ಗೊತ್ತು, ನೀವು ವಿವರಿಸಬೇಕಾಗಿಲ್ಲ. ಆದ್ದರಿಂದ ಹಳ್ಳಿ, ಮನೆ, ಕುಟುಂಬದ ಕಥೆಗೆ ಇದು ಚೆನ್ನಾಗಿ ಕೂರುತ್ತದೆ. ಸಾದಾ ಪದ ಆರಿಸಿ. ‘ಹುಳ’ ಎಂಬುದರ ಬಲವೇ ಅದರ ಸಾದಾತನ.

ಇದರ ಕಷ್ಟ ಏನೆಂದರೆ, ಹೇಳಬಾರದು ಎಂದಮೇಲೆ ಹೇಳಿದರೆ ಏನಾಗುತ್ತದೆ ಎಂದು ಓದುಗ ಕಾಯುತ್ತಾನೆ. ಏನೂ ಆಗದಿದ್ದರೆ ಮೋಸ ಹೋದಂತೆ ಅನಿಸುತ್ತದೆ. ಹ್ಯಾರಿ ಪಾಟರ್ ಸರಣಿಯಲ್ಲಿ 1997ರ ಮೊದಲ ಪುಸ್ತಕದಿಂದಲೂ ಜನ ಖಳನ ಹೆಸರಾದ ವೋಲ್ಡೆಮಾರ್ಟ್ ಎನ್ನಲು ಅಂಜುತ್ತಾರೆ. ಮೊದಮೊದಲು ಅದು ಬರೀ ಅಂಜಿಕೆ, ನಾಯಕ ಅದಕ್ಕೆ ಕ್ಯಾರೇ ಎನ್ನುವುದಿಲ್ಲ. 2007ರ ಏಳನೇ ಪುಸ್ತಕದಲ್ಲಿ ಆ ಹೆಸರಿಗೇ ಮಾಟ ಹಾಕಿರುತ್ತದೆ. ಬಾಯಿಬಿಟ್ಟವರ ರಕ್ಷಣೆ ಒಡೆದು, ಅವರಿರುವ ಜಾಗ ಶತ್ರುಗಳಿಗೆ ತಿಳಿದುಬಿಡುತ್ತದೆ. ಧೈರ್ಯಕ್ಕೆ ಹೆಸರು ಹೇಳುತ್ತಿದ್ದವರೇ ಸಿಕ್ಕಿಬೀಳುತ್ತಾರೆ. ಅಲ್ಲಿಗೆ ಹಳೆಯ ಸಾಲ ತೀರಿತು. ನಿಮ್ಮ ಕಥೆಯಲ್ಲಿ ಇಂಥ ಸಾಲ ತೀರಿಸಲು ಜಾಗ ಇಲ್ಲದಿದ್ದರೆ, ಸುತ್ತುಮಾತಿನ ಸುತ್ತ ನಿಷೇಧದ ಡಂಗುರ ಹೊಡೆಯಬೇಡಿ. ಯಾರೂ ಕಾರಣ ಹೇಳದೆ ಹಾಗೆ ಕರೆಯುತ್ತಾ ಹೋಗಲಿ.

ಬಿರುದು

ಕತ್ತಲೆಯ ದೊರೆ, ನೆರಳಿನ ಒಡೆಯ, ಮಹಾಶೂನ್ಯ. ನನಗೆ ಈ ದಾರಿ ಇಷ್ಟವಿಲ್ಲ. ಮಕ್ಕಳ ಕಥೆಗೆ ಸರಿ. ಆಟದ ಆ್ಯಪ್‌ಗೆ, ಕಾಮಿಕ್ಸ್‌ಗೆ ಸರಿ. ತಕ್ಷಣ ಅರ್ಥವಾಗುತ್ತದೆ, ಬೇರೆ ಭಾಷೆಗೆ ಸುಲಭವಾಗಿ ಹೋಗುತ್ತದೆ. ದೊಡ್ಡವರ ಕಾದಂಬರಿಯಲ್ಲಿ ಬಿರುದು ಒಂಟಿಯಾಗಿ ನಿಂತರೆ ಜಾಹೀರಾತಿನ ಹಾಗೆ ಕೇಳುತ್ತದೆ. ಒಂದು ವಿನಾಯಿತಿ ಇದೆ. ಬಿರುದನ್ನು ಬಳಸುವವರು ಆ ಕೇಡಿನ ಭಕ್ತರೇ ಆಗಿದ್ದರೆ ಸರಿಹೋಗುತ್ತದೆ. ಅವರಿಗೆ ಹೊಗಳುವ ಕಾರಣ ಇದೆ, ನಿಮಗಿಲ್ಲ.

ಹೊಸ ಹೆಸರು

ಅತಿ ದುಬಾರಿ ದಾರಿ ಇದು. ಹೆಸರಿನ ಹಿಂದೆ ಒಂದು ಲೋಕ ಕಟ್ಟಬೇಕು. ಕಟ್ಟುವ ಶಕ್ತಿ, ಪುಟ, ತಾಳ್ಮೆ ಇದ್ದರೆ ಇದಕ್ಕೆ ಸಾಟಿಯಿಲ್ಲ.

ಟೋಲ್ಕಿನ್ ಅವರ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ 1954-55ರಲ್ಲಿ ಬಂತು. ಅಷ್ಟು ದಪ್ಪದ ಮೂರು ಸಂಪುಟಗಳಲ್ಲಿ ಎಲ್ಲ ಕೇಡಿನ ಹಿಂದಿರುವ ಸೌರಾನ್ ಒಮ್ಮೆಯೂ ಎದುರು ಬಂದು ನಿಲ್ಲುವುದಿಲ್ಲ. ಅವನ ದೂತರು ಬರುತ್ತಾರೆ, ಸೈನ್ಯ ಬರುತ್ತದೆ, ಒಂದು ಕಣ್ಣಿನ ಭಯ ಬರುತ್ತದೆ. ಅವನ ಕೈಗೆ ಸಿಕ್ಕಿ ಬಂದಿದ್ದ ಗೊಲ್ಲಮ್ ಆ ಕಪ್ಪು ಕೈಯಲ್ಲಿ ನಾಲ್ಕೇ ಬೆರಳು ಎಂದು ಹೇಳುವುದೇ ನೆನಪಿನಲ್ಲಿ ಉಳಿಯುವ ಮೈಯ ವಿವರ. ಕಾಣದ ಕೇಡಿಗೆ ಇಂಥ ಒಂದು ವಿವರ ಸಾಕು, ಎರಡನೆಯದು ಹೆಚ್ಚಾಗುತ್ತದೆ.

ಹೆಸರಿನ ವಿಷಯದಲ್ಲಿ ಅವರು ಮಾಡಿದ್ದನ್ನು ಬಿಡಿಸಿ ನೋಡಿ. ‘ಸೌರಾನ್’ ಎಂದರೆ ಆ ಲೋಕದ ಎಲ್ಫ್ ಎಂಬ ಜನಾಂಗದ ಭಾಷೆಯಲ್ಲಿ ಅಸಹ್ಯ ಹುಟ್ಟಿಸುವವನು. ಅದು ವೈರಿಗಳು ಇಟ್ಟ ಹೆಸರು. ತನ್ನನ್ನು ಹಾಗೆ ಕರೆಯುವುದು ಅವನಿಗೇ ಬೇಡ ಎಂಬ ಮಾತೂ ಪುಸ್ತಕದಲ್ಲಿದೆ. ಅವನ ಗಡಿಗೆ ಅಂಟಿಕೊಂಡಿರುವ ಗೊಂಡೋರ್ ರಾಜ್ಯದವರು ‘ನಾವು ಹೆಸರಿಸದವನು’ ಎನ್ನುತ್ತಾರೆ. ಅವನ ಕೆಳಗೆ ದುಡಿಯುವ ಓರ್ಕ್‌ಗಳಿಗೆ ಅವನು ‘ಮಹಾ ಕಣ್ಣು’, ಸದಾ ತಮ್ಮ ಮೇಲೆ ನಿಗಾ ಇಟ್ಟಿರುವವನು. ಅವನಿಗಿಂತ ಹಳೆಯ ಕೇಡು ಮೆಲ್ಕೋರ್. ಅವನು ಮಣಿಗಳನ್ನು ಕದ್ದು ಓಡಿದ ಮೇಲೆ, ಕಳೆದುಕೊಂಡವನೇ ಶಪಿಸಿ ಇಟ್ಟ ಹೆಸರು ‘ಮೋರ್ಗೋತ್’, ಕಪ್ಪು ಶತ್ರು. ಯಾರು ಎಲ್ಲಿ ನಿಂತು ಹೆದರುತ್ತಿದ್ದಾರೆ ಎಂಬುದು ಪ್ರತಿ ಹೆಸರಿನಲ್ಲೂ ಇದೆ. ಹೀಗಿದ್ದರೂ ಟೋಲ್ಕಿನ್ ತಾವು ಪರಮ ಕೇಡಿನ ಬಗ್ಗೆ ಬರೆಯುತ್ತಿಲ್ಲ, ಅಂಥದ್ದು ಇದೆ ಎಂದು ನಂಬುವುದೂ ಇಲ್ಲ ಎಂದು ಪತ್ರವೊಂದರಲ್ಲಿ ಬರೆದಿದ್ದಾರೆ. ಸೌರಾನ್ ಕೂಡ ಮೊದಲು ಕೆಟ್ಟವನಾಗಿರಲಿಲ್ಲ ಎಂದು ಅವರ ಪಾತ್ರವೇ ಹೇಳುತ್ತದೆ.

ನಾಲಿಗೆಗೆ ಒಗ್ಗದ ಹೆಸರು ಕಟ್ಟುವುದು ಇನ್ನೊಂದು ರೀತಿ. ಅಮೆರಿಕದ ಭಯಕಥೆಗಾರ ಲವ್‌ಕ್ರಾಫ್ಟ್ ಅವರ 1928ರ ಕಥೆಯಲ್ಲಿ ಬರುವ ದೈತ್ಯ ‘ಕ್ಥುಲ್ಹು’ ಇದಕ್ಕೆ ಹೆಸರುವಾಸಿ. ಮನುಷ್ಯರ ಬಾಯಿಗೆ ಸಿಗಬಾರದು ಎಂದೇ ಕಟ್ಟಿದ್ದು. ಇಂಗ್ಲಿಷ್ ಅಕ್ಷರಗಳಲ್ಲಿ ಆ ಆಟ ನಡೆಯುತ್ತದೆ, ಏಕೆಂದರೆ ಬರೆದದ್ದನ್ನು ಹೇಗೆ ಓದಬೇಕು ಎಂಬುದು ಅಲ್ಲಿ ಖಚಿತವಿಲ್ಲ. ಕನ್ನಡ ಲಿಪಿಯಲ್ಲಿ ಬರೆದ ತಕ್ಷಣ ಉಚ್ಚಾರ ತೀರ್ಮಾನವಾಗಿಬಿಡುತ್ತದೆ. ಎಷ್ಟು ಒತ್ತಕ್ಷರ ಪೇರಿಸಿದರೂ ಓದುಗ ನಿಧಾನಕ್ಕೆ ಕೂಡಿಸಿ ಓದಿಯೇ ಬಿಡುತ್ತಾನೆ, ಓದಿದಮೇಲೆ ನಗುತ್ತಾನೆ. ಆ ದಾರಿ ನಮಗಲ್ಲ.

ಕನ್ನಡದಲ್ಲಿ ಹೊಸ ಹೆಸರು ಕಟ್ಟುವವರಿಗೆ ಒಂದು ಕಿವಿಮಾತು. ಹೆಸರಿನ ಕೊನೆಯ ಅಕ್ಷರ ನೋಡಿ. ‘ಝಾರ್ಕ್’ ಎಂದಿಟ್ಟರೆ ಝಾರ್ಕ್‌ಗೆ, ಝಾರ್ಕ್‌ನಿಂದ ಎಂದು ಪ್ರತಿ ವಾಕ್ಯದಲ್ಲೂ ಎಡವಬೇಕು. ‘ಮೊರವ’ ಎಂದಿಟ್ಟರೆ ‘ಮೊರವನಿಗೆ’ ಅಥವಾ ‘ಮೊರವಕ್ಕೆ’ ಎಂದು ಮೊದಲ ಬಳಕೆಯಲ್ಲೇ ಗಂಡೋ ವಸ್ತುವೋ ಹೇಳಬೇಕಾಗುತ್ತದೆ. ‘ಇರುಳಿ’ ಎಂದಿಟ್ಟರೆ ಇರುಳಿಗೆ, ಇರುಳಿಯ, ಇರುಳಿಯಿಂದ. ಏನೂ ಬಿಟ್ಟುಕೊಡದೆ ವಿಭಕ್ತಿ ಹಚ್ಚಬಹುದು. ‘ಇ’, ‘ಎ’, ‘ಉ’ ಕೊನೆಯ ಹೆಸರುಗಳು ಕಾಣದ ಕೇಡಿಗೆ ಒಳ್ಳೆಯ ಹೊದಿಕೆ.

ಸಿದ್ಧ ಹೆಸರು

ಪುರಾಣದ ಹೆಸರು ತಂದರೆ ಅರ್ಧ ಕೆಲಸ ಮುಗಿದ ಹಾಗೆ ಕಾಣುತ್ತದೆ. ಕಲಿ ಎಂದರೆ ಸಾಕು, ಓದುಗನ ತಲೆಯಲ್ಲಿ ಒಂದು ಯುಗವೇ ಏಳುತ್ತದೆ. ಭಾಗವತದಲ್ಲಿ ಪರೀಕ್ಷಿತ ಅದೇ ಕಲಿಗೆ ಜೂಜು, ಹೆಂಡ, ಹೆಣ್ಣಿನ ಚಟ, ಹಿಂಸೆ ಇರುವ ಕಡೆ ಮಾತ್ರ ಇರು ಎಂದು ಜಾಗ ಗೊತ್ತುಮಾಡುತ್ತಾನೆ, ಆಮೇಲೆ ಚಿನ್ನವನ್ನೂ ಸೇರಿಸುತ್ತಾನೆ. ಇಷ್ಟು ಚೆಂದದ ಮಿತಿ ಬಿಟ್ಟಿಯಾಗಿ ಸಿಗುತ್ತದೆ. ಬೆಲೆ ಏನೆಂದರೆ, ಓದುಗನಿಗೆ ಮೊದಲೇ ಗೊತ್ತಿರುವ ಕೇಡು ಪೂರ್ತಿ ಅಜ್ಞಾತ ಅಲ್ಲ. ಜೊತೆಗೆ ಹಳಗನ್ನಡದ ರುಚಿ ಇರುವವರಿಗೆ ‘ಕಲಿ’ ಎಂದರೆ ವೀರ.

ಜನಪದದ ಹೆಸರುಗಳಲ್ಲಿ ಇನ್ನೂ ಹುಷಾರಾಗಿರಬೇಕು. ಗುಳಿಗ, ಪಂಜುರ್ಲಿಯಂಥ ಹೆಸರು ಭಯಂಕರವಾಗಿ ಕೇಳುತ್ತದೆ ಎಂದು ದೂರದ ಊರಿನ ಲೇಖಕರು ಎತ್ತಿಕೊಳ್ಳುವುದುಂಟು. ತುಳುನಾಡಿನ ಮನೆಗಳಲ್ಲಿ ಅವು ನಂಬಿ ಕೈಮುಗಿಯುವ ದೈವಗಳು. ಮಾರಿಯೂ ಹಾಗೆ, ಊರು ಕಾಯುವ ತಾಯಿ. ಮಹಿಷನ ಹೆಸರಿನಲ್ಲಿ ಮೈಸೂರೇ ಇದೆ, ಅವನನ್ನು ತಮ್ಮ ರಾಜ ಎನ್ನುವವರೂ ಇದ್ದಾರೆ. ಇವನ್ನು ಪರಮ ಕೇಡಾಗಿ ಬಳಸಿದರೆ ನಿಮ್ಮ ಕಥೆಯ ಚರ್ಚೆ ನಿಲ್ಲುತ್ತದೆ, ಬೇರೆ ಚರ್ಚೆ ಶುರುವಾಗುತ್ತದೆ. ಆ ಚರ್ಚೆಯೇ ನಿಮ್ಮ ಕಥೆಯಾಗಿದ್ದರೆ ಧೈರ್ಯವಾಗಿ ಬರೆಯಿರಿ. ಸುಮ್ನೆ ಸದ್ದಿಗೆ ಬೇಡ.

ಯಾರಿಗೆ ಯಾವುದು

ಸಣ್ಣ ಕಥೆಯೇ? ಹೆಸರು ಬೇಡ. ಬಹುವಚನದ ಕ್ರಿಯಾಪದ ಸಾಕು. ಸಾಮಾಜಿಕ ಕಾದಂಬರಿಗೂ ಇದನ್ನೇ ಹೇಳುತ್ತೇನೆ. ಅಲ್ಲಿ ‘ಮೇಲಿನವರು’ ಎಂಬ ಪದ ಮುನ್ನೂರು ಪುಟ ತಡೆಯುತ್ತದೆ.

ಆಡಿಯೋ ಕಥೆ, ಪಾಡ್‌ಕಾಸ್ಟ್ ಮಾಡುವವರಿಗೆ ‘ಅದು’ ಉಪಯೋಗವಿಲ್ಲ. ಕೇಳುವಾಗ ಬೇರೆ ‘ಅದು’ಗಳ ಜೊತೆ ಕಲೆಸಿಹೋಗುತ್ತದೆ. ಎರಡಕ್ಷರದ ಸುತ್ತುಮಾತು ಇಡಿ, ಅಥವಾ ಒಂದು ಸದ್ದನ್ನೇ ಹೆಸರಾಗಿಸಿ. 1975ರ ‘ಜಾಸ್’ ಚಿತ್ರೀಕರಣದಲ್ಲಿ ಯಂತ್ರದ ಶಾರ್ಕ್ ಸಮುದ್ರದ ನೀರಿನಲ್ಲಿ ಪದೇಪದೇ ಕೆಟ್ಟು ನಿಂತಿತು. ಹಾಗಾಗಿ ಅದನ್ನು ಕಡಿಮೆ ತೋರಿಸಿ, ಎರಡು ಸ್ವರಗಳ ಸಂಗೀತದಿಂದ ಅದು ಬಂದಿದೆ ಎಂದು ತಿಳಿಸಿದರು. ಬಜೆಟ್ ಇಲ್ಲದ ವೆಬ್ ಸರಣಿಯವರಿಗೂ ಇದೇ ದಾರಿ. ದುಡ್ಡಿಲ್ಲದೆ ಮಾಡಿದ ಗ್ರಾಫಿಕ್ಸ್ ದೆವ್ವಕ್ಕಿಂತ ಎರಡು ಸ್ವರ ಮೇಲು.

ಮಕ್ಕಳಿಗೆ ಬರೆಯುವವರು ಹೆಸರು ಇಡಲೇಬೇಕು, ಬಿರುದಾದರೂ ಸರಿ. ಹೆಸರಿಲ್ಲದ ಭಯ ಮಗುವಿನ ಜೊತೆ ಹಾಸಿಗೆಗೆ ಬರುತ್ತದೆ. ಹೆಸರಿದ್ದರೆ ಅದನ್ನು ಕೂಗಿ ಅಣಕಿಸಬಹುದು.

ಸಂಪುಟಗಟ್ಟಲೆ ಫ್ಯಾಂಟಸಿ ಬರೆಯುವವರು ಹೊಸ ಹೆಸರಿಗೆ ಕೈಹಾಕಲಿ, ಆದರೆ ಒಂದೇ ಹೆಸರು ಸಾಲದು. ಹೆದರಿದವರಿಗೆ ಒಂದು, ಸೇವೆ ಮಾಡುವವರಿಗೆ ಒಂದು, ಹಳೆಯ ಪುಸ್ತಕದಲ್ಲಿ ಒಂದು. ಯಾವ ಪಾತ್ರ ಯಾವುದನ್ನು ಬಳಸುತ್ತದೆ ಎಂದು ಬೇರೆ ಹಾಳೆಯಲ್ಲಿ ಬರೆದಿಡಿ. ಎರಡನೇ ಸಂಪುಟದಲ್ಲಿ ಒಬ್ಬ ಪಾತ್ರ ಬಳಸುವ ಹೆಸರು ಬದಲಾದರೆ, ಅವನು ಪಕ್ಷ ಬದಲಿಸಿದ್ದನ್ನು ಬೇರೆ ಹೇಳಬೇಕಾಗಿಯೇ ಇಲ್ಲ.

ಇನ್ನೂ ಎರಡರ ನಡುವೆ ಸಿಕ್ಕಿಕೊಂಡಿದ್ದರೆ, ಕಥೆಯಲ್ಲಿ ಅತಿ ಹೆಚ್ಚು ಕಳೆದುಕೊಂಡ ಪಾತ್ರವನ್ನು ಹುಡುಕಿ. ಆ ಪಾತ್ರ ಪಕ್ಕದ ಮನೆಯವರಿಗೆ ನಡೆದದ್ದನ್ನು ಹೇಳುವ ಅರ್ಧ ಪುಟ ಬರೆಯಿರಿ, ಆಡುಮಾತಿನಲ್ಲೇ. ಕೇಡನ್ನು ಸೂಚಿಸಬೇಕಾದ ಕಡೆ ಅವಳ ಬಾಯಲ್ಲಿ ಏನು ಬರುತ್ತದೋ ಅದನ್ನು ಮೊದಲ ಕರಡಿಗೆ ಇಟ್ಟುಕೊಂಡು ಮುಂದೆ ಹೋಗಿ.